ಬಿಡಾರಕ್ಕೆ ಹೋದ ಕರಿಬೇವು

ಕರಿಬೇವು ಬೆಳೆಸಿ ಮಾರುತ್ತೇನೆಂದು ನಾನು ಕೆಲಸ ಬಿಟ್ಟಾಗ ಬೇ ಏರಿಯಾದ ನಮ್ಮ ಜನ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಆಗ ಎಲ್ಲರೂ ಕೆಲಸ ಬಿಡುತ್ತಿದ್ದದ್ದು ನಿಜವೇ. ಆದರೆ ಅವರು ಬಿಡುತ್ತಿದ್ದದ್ದು ಇನ್ನೊಂದು ಕಂಪನಿ ಸೇರುವುದಕ್ಕೆ, ಇಲ್ಲವೇ ನಾಯಿಬಿಸ್ಕತ್ತನ್ನು ಇಂಟರ್ನೆಟ್ಟಿನಲ್ಲಿ ಮಾರುವ ಕಂಪನಿ ತೆರೆಯುವುದಕ್ಕೆ. ಹೇಮಶ್ರೀ ಮಾತ್ರ ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ಮಣ್ಣು ಕೆದಕಲು ಹೋದಳು ಎಂದು ಪಾರ್ಟಿಗಳಲ್ಲಿ ಮಾತಾಡಿಕೊಂಡರು. ನಾಯಿಬಿಸ್ಕತ್ತಿಗೆ ಇದ್ದ ಮರ್ಯಾದೆ ಕರಿಬೇವಿಗೆ ಇರಲಿಲ್ಲ. ಹಾಗೆ ಮಾತಾಡಿಕೊಂಡವರೇ ಆಮೇಲೆ ಫೋನ್ ಮಾಡಿ, "ಹೇಮಾ, ನಮಗೊಂದು ಗಿಡ ಎತ್ತಿಟ್ಟಿರು" ಎಂದರು, ಅದು ಬೇರೆ ವಿಷಯ.

ಹೇವರ್ಡಿನಲ್ಲಿ ಗೋದಾಮುಗಳ ಸಾಲಿನ ಹಿಂದೆ ಒಂದು ಹಳೆಯ ಗಾಜಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ಹಿಂದೆ ಅಲ್ಲಿ ಹೂ ಬೆಳೆಯುತ್ತಿದ್ದರಂತೆ. ಹೂವಿನ ವ್ಯಾಪಾರ ಸೊರಗಿದ ಮೇಲೆ ಗಾಜು ಮತ್ತು ಜೇಡರ ಬಲೆ ಮಾತ್ರ ಉಳಿದಿದ್ದವು. ಅದರ ನಡುವೆ, ಅರ್ಧಕ್ಕೆ ಕೊಯ್ದ ಮರದ ಪೀಪಾಯಿಗಳಲ್ಲಿ, ನನ್ನ ಮೂರು ತಾಯಿಗಿಡಗಳಿದ್ದವು. ಬರ್ಕ್ಲಿಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ತಮ್ಮ ಹಿತ್ತಲಿನಿಂದ ಬೇರುಸಹಿತ ಕಿತ್ತುಕೊಟ್ಟ ಮರಿಗಳು ಅವು, ಈಗ ನನ್ನ ತಲೆಗಿಂತ ಎತ್ತರವಾಗಿದ್ದವು. ಅವುಗಳ ಬೇರಿನಿಂದ ಎದ್ದ ಮರಿಗಳನ್ನು ಬೇರ್ಪಡಿಸಿ, ಪಾಟಿಗೆ ಹಾಕಿ, ವರ್ಷವಿಡೀ ಸಾಕಿ, ಯುಗಾದಿಯ ಸುಮಾರಿಗೆ ಬಿಸಿಲು ಏರಿದಾಗ ಮಾರುವುದು ನನ್ನ ವ್ಯಾಪಾರ. ಅಂಗಡಿಗೆ ಕರಿಬೇವು ಬಂದಿದೆ ಎಂದು ಒಬ್ಬರಿಗೊಬ್ಬರು ಫೋನ್ ಮಾಡಿ ತಿಳಿಸುತ್ತಿದ್ದ ಕಾಲ ಅದು. ಮನೆಯಲ್ಲೇ ಗಿಡ ಎಂದರೆ ಜನ ಫ್ರೀವೇ ಹತ್ತಿ ಎಲ್ಲೆಲ್ಲಿಂದಲೋ ಬರುತ್ತಿದ್ದರು.

ತೊಂಬತ್ತೇಳು-ತೊಂಬತ್ತೆಂಟರ ಚಳಿಗಾಲದಲ್ಲಿ ಎಲ್ ನಿನ್ಯೋ ಮಳೆ ಬಂತು. ಎಲ್ಲರೂ ಛತ್ರಿ ಕೊಂಡರು, ನಾನು ಗಾಜಿನ ಸೂರು ನೋಡಲಿಲ್ಲ. ಸೋರಿ ಸೋರಿ ಪಾಟುಗಳಲ್ಲಿ ನೀರು ನಿಂತು, ಮರಿಗಿಡಗಳ ಬೇರು ಕೊಳೆತುಹೋಯಿತು. ಆ ವಸಂತದಲ್ಲಿ ಮಾರುವುದಕ್ಕೆ ಹೆಚ್ಚು ಕಡಿಮೆ ಏನೂ ಇರಲಿಲ್ಲ. ನನ್ನ ಗಂಡ ತಿರುಮಲೇಶ ಕೂಗಾಡುವ ಮನುಷ್ಯನಲ್ಲ. ಒಂದು ಸಂಜೆ ಪಾತ್ರೆ ತೊಳೆಯುತ್ತಾ ಹೇಳಿದ: "ಇನ್ನೊಂದು ಚಳಿಗಾಲ ನೋಡೋಣ ಹೇಮಾ. ಮುಂದಿನ ಯುಗಾದಿಗೂ ಮಾರೋಕೆ ಗಿಡ ಇಲ್ಲ ಅಂದ್ರೆ ಗ್ಲಾಸ್‌ಹೌಸು ಬಿಟ್ಬಿಡೋಣ. ನಿನ್ನ ಹಳೇ ಮ್ಯಾನೇಜರು ಇನ್ನೂ ಫೋನ್ ಮಾಡ್ತಾನೇ ಇದಾನಲ್ಲ." ನ್ಯಾಯವಾದ ಮಾತು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಆಗಲಿ ಎಂದೆ.

ಈ ಒಪ್ಪಂದವನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಪಾರ್ಟಿಗಳಲ್ಲಿ ಮಾತಾಡಿಕೊಂಡವರಿಗೆ ಹಬ್ಬವಾಗುತ್ತದೆ ಎಂದು ನನ್ನ ಲೆಕ್ಕಾಚಾರ.

ಹಾಗಾಗಿ ತೊಂಬತ್ತೆಂಟರ ಚಳಿಗಾಲಕ್ಕೆ ನಾನು ಮದುವೆಗೆ ತಯಾರಾದ ಹಾಗೆ ತಯಾರಾದೆ. ಸೂರಿನ ಬಿರುಕುಗಳಿಗೆಲ್ಲ ಅಂಟು ಮೆತ್ತಿದೆ. ಆ ಬೇಸಿಗೆಯಲ್ಲಿ ಬೇರ್ಪಡಿಸಿದ ಹೊಸ ಮರಿಗಳ ಪಾಟುಗಳನ್ನು ನೆಲದಿಂದ ಎತ್ತಿ ಹಲಗೆಗಳ ಮೇಲೆ ಕೂರಿಸಿದೆ. ಚರಂಡಿ ಬಿಡಿಸಿದೆ, ಬಾಗಿಲಿಗೆ ಮರಳು ಮೂಟೆ ಜೋಡಿಸಿದೆ. ಮಳೆ ಬರಲಿ ನೋಡೋಣ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ. ಆ ವರ್ಷ ಬರಬೇಕಾದ ಮಳೆ ಬರಲಿಲ್ಲ. ಡಿಸೆಂಬರಿನಲ್ಲಿ ಟೀವಿಯವನು, ಉತ್ತರದಿಂದ ಹಿಮಗಾಳಿ ಇಳಿಯುತ್ತಿದೆ, ಕ್ರಿಸ್‌ಮಸ್ಸಿನ ವಾರ ನೀರಿನ ಪೈಪುಗಳೂ ಹೆಪ್ಪುಗಟ್ಟಬಹುದು ಎಂದ.

ಕರಿಬೇವು ಎಷ್ಟು ಬಿಸಿಲನ್ನಾದರೂ ತಡೆಯುತ್ತದೆ. ನೀರು ಹೆಪ್ಪುಗಟ್ಟುವ ಚಳಿಯನ್ನು ಒಂದು ರಾತ್ರಿಯೂ ತಡೆಯುವುದಿಲ್ಲ. ಮಣಿಮಣಿಯಾದ ಕ್ರಿಸ್‌ಮಸ್ ದೀಪದ ಸರಗಳನ್ನು ಕೊಂಡು ತಂದೆ. ಹಳೆಯ ಮಾದರಿಯವು, ಮುಟ್ಟಿದರೆ ಬೆಚ್ಚಗಿರುತ್ತವೆ. ಅವನ್ನು ತಾಯಿಗಿಡಗಳಿಗೆ ಸುತ್ತಿ, ಮೇಲೆ ನನ್ನ ಹಳೆಯ ಕಾಟನ್ ಸೀರೆಗಳನ್ನು ಹೊದಿಸಿದೆ. ಮಿಣುಕುವ ದೀಪ, ಅಂಚಿನ ಸೀರೆ, ಮೂರೂ ಗೌರಿಯರ ಹಾಗೆ ಕಂಡವು. ಆದರೆ ಸಾಲು ಸಾಲಾಗಿ ನಿಂತ ಮರಿಗಿಡಗಳಿಗೆಲ್ಲ ಹೊದಿಸುವಷ್ಟು ಸೀರೆಯಾಗಲಿ ದೀಪವಾಗಲಿ ನನ್ನಲ್ಲಿ ಎಲ್ಲಿಂದ ಬರಬೇಕು.

ಆ ಹೊತ್ತಿಗೆ ಯೂನುಸ್ ಬಂದ. ಮೈಸೂರಿನವನು, ಹೇವರ್ಡಿನಲ್ಲೇ ಸಣ್ಣ ಗ್ರೋಸರಿ ಇಟ್ಟಿದ್ದ. ನನ್ನ ತಾಯಿಗಿಡಗಳ ಸೊಪ್ಪು ವಾರಕ್ಕೊಮ್ಮೆ ಅವನ ಅಂಗಡಿಗೆ ಹೋಗುತ್ತಿತ್ತು. ಸುತ್ತ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಕ್ಕಾ, ಒಂದು ಮಾತು ಹೇಳ್ಲಾ? ಕರೆಂಟ್ ಹೋದ್ರೆ ನಿಮ್ಮ ಬಲ್ಬು ಏನ್ ಮಾಡುತ್ತೆ? ನಮ್ಮ ಜನದ ಮನೆಗಳಲ್ಲಿ ಹೀಟರು ಹಗಲೂ ರಾತ್ರಿ ಉರೀತಾನೇ ಇರುತ್ತೆ. ಅಕ್ಟೋಬರ್‌ನಲ್ಲೇ ಮಂಕಿ ಕ್ಯಾಪ್ ಹಾಕೋ ಜನ ನಾವು. ಮನೆಗೆ ಒಂದೆರಡು ಅಂತ ಗಿಡ ಇಟ್ಬಿಡಿ. ವ್ಯಾನು ನಂದಿದೆ."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ರಜೆಗೆ ಇಂಡಿಯಾಕ್ಕೆ ಹೋಗದೆ ಉಳಿದವರಿಗೆಲ್ಲ ಫೋನ್ ಮಾಡಿದೆ. ಒಬ್ಬರೂ ಇಲ್ಲವೆನ್ನಲಿಲ್ಲ. ಮಾರನೆಯ ದಿನ ಯೂನುಸನ ವ್ಯಾನಿನಲ್ಲಿ, ಬೇಳೆ ಮೂಟೆಗಳ ಜಾಗದಲ್ಲಿ ಗಿಡಗಳನ್ನು ತುಂಬಿಕೊಂಡು ಊರೂರು ತಿರುಗಿದೆವು. ಹೇವರ್ಡಿನಲ್ಲಿ ದ್ವಾರಕಾನಾಥರ ಮನೆಗೆ, ದಾರಿಯ ಇನ್ನೂ ಹಲವು ಮನೆಗಳಿಗೆ, ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಗೌತಮನ ರೂಮಿಗೆ, ಕೊನೆಗೆ ಕ್ಯಾಂಪ್‌ಬೆಲ್ಲಿನಲ್ಲಿ ವೆಂಕಟಮ್ಮನವರ ಮನೆಗೆ. ವೆಂಕಟಮ್ಮ ಮಂಡ್ಯದ ಕಡೆಯವರು. ಮಗಳ ಮನೆಯಲ್ಲಿದ್ದರು ಎನ್ನುವುದಕ್ಕಿಂತ ಮಗಳು ಅವರ ಮನೆಯಲ್ಲಿದ್ದಳು ಎಂದರೆ ಸರಿ. ಆ ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು.

ನಮ್ಮಲ್ಲಿ ಒಂದು ವಸ್ತುವನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಬರುವಾಗ ಜೋಪಾನ ಎಂದು ಹೇಳುವ ಪದ್ಧತಿಯಿಲ್ಲ. ಹೇಳಿದರೆ ಅವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ನಾನು ಪ್ರತಿ ಬಾಗಿಲಲ್ಲೂ ನಗುತ್ತಾ, "ಅಯ್ಯೋ, ಏನೂ ತೊಂದರೆ ತಗೋಬೇಡಿ, ನಿಮ್ಮ ಮನೇದೇ ಅಂದ್ಕೊಳ್ಳಿ" ಎಂದೆ. ಅವರೂ ನಕ್ಕು ಕಾಫಿ ಕೊಟ್ಟರು. ಇವು ಮಾರುವ ಗಿಡಗಳು, ಇವು ಹೋದರೆ ನಾನೂ ಹೋದೆ ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂದದ್ದು ಒಂದೆರಡು ಸಲವಲ್ಲ. ಕಾಫಿಯ ಜೊತೆ ನುಂಗಿದೆ.

ಚಳಿ ಟೀವಿಯವನು ಹೇಳಿದ್ದಕ್ಕಿಂತ ಜೋರಾಗಿ ಬಂತು. ಬೆಳಿಗ್ಗೆ ನಮ್ಮ ಕಾರಿನ ಗಾಜಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿತ್ತು. ತಿರುಮಲೇಶ ಹಳೆಯ ಕ್ಯಾಸೆಟ್ಟಿನ ಡಬ್ಬಿಯಿಂದ ಅದನ್ನು ಕೆರೆದ. ಇಬ್ಬರೂ ಹೇವರ್ಡಿಗೆ ಹೋದೆವು. ಆ ಬೀದಿಗೆ ಕರೆಂಟ್ ಇರಲಿಲ್ಲ. ಗಾಜಿನ ಮನೆಯ ಬಾಗಿಲು ತೆಗೆದಾಗ ದೀಪಗಳು ಆರಿದ್ದವು. ಸೀರೆ ಎತ್ತಿದೆ. ತಾಯಿಗಿಡಗಳ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಕಾಂಡವನ್ನು ಉಗುರಿನಿಂದ ಗೀರಿದೆ. ಒಳಗೆ ಹಸಿರಿರಲಿಲ್ಲ, ಕಂದು ಬಣ್ಣ. ಮೂರರದೂ ಅದೇ.

ನಾನು ಪೀಪಾಯಿಯ ಅಂಚಿನ ಮೇಲೆ ಕೂತು ಅತ್ತೆ. ತಿರುಮಲೇಶ, ನಾನು ಹೇಳಲಿಲ್ಲವಾ ಎನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸೀರೆಗಳನ್ನು ಒಂದೊಂದಾಗಿ ಮಡಿಸಿ ಕಾರಿನಲ್ಲಿಟ್ಟ. "ಮನೆಗಳಲ್ಲಿರೋವು ಇದಾವಲ್ಲ" ಎಂದ.

ಹೌದು, ಇನ್ನು ಅವೇ ಉಳಿದಿದ್ದದ್ದು. ತಾಯಿಗಿಡಗಳಿಲ್ಲದೆ ಹೊಸ ಮರಿಗಳೂ ಹುಟ್ಟುವುದಿಲ್ಲ. ಮನೆಮನೆಗೆ ಹೋದ ಪಾಟುಗಳೇ ನನ್ನ ನರ್ಸರಿ.

ಹೊಸ ವರ್ಷ ಕಳೆದು ಚಳಿ ಇಳಿದ ಮೇಲೆ ವ್ಯಾನು ಮತ್ತೆ ಹೊರಟಿತು. ಮೊದಲು ದ್ವಾರಕಾನಾಥರ ಮನೆ. ಅವರ ಹೆಂಡತಿ ಗಿಡಗಳನ್ನು ದೇವರ ಕೋಣೆಯಲ್ಲಿ ತುಳಸಿಯ ಪಕ್ಕ ಇಟ್ಟು, ತುಳಸಿಗೆ ನೀರು ಹಾಕಿದಾಗಲೆಲ್ಲ ಇವಕ್ಕೂ ಹಾಕಿ, ಪಾಟಿಗೆ ಕುಂಕುಮ ಹಚ್ಚಿದ್ದರು. ಮಣ್ಣು ಗದ್ದೆಯಾಗಿತ್ತು. ಅದರ ಮೇಲೆ ಎರಡು ಕಡ್ಡಿಗಳು ನಿಂತಿದ್ದವು, ಎಲೆ ಒಂದೂ ಇರಲಿಲ್ಲ.

"ಒಗ್ಗರಣೆಗೆ ದಿನಾ ಒಂದೊಂದೇ ಎಸಳು ತಗೊಂಡ್ವಿ ಹೇಮಾ. ಎಷ್ಟು ಅನುಕೂಲ ಆಯ್ತು ಗೊತ್ತಾ" ಎಂದು ಆಕೆ ನನಗೆ ಥ್ಯಾಂಕ್ಸ್ ಹೇಳಿದರು. ನಾನು ಪಾಟುಗಳನ್ನು ಎತ್ತಿಕೊಂಡೆ. ವ್ಯಾನು ಹತ್ತಿ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡೆನೆಂದರೆ ಯೂನುಸ್, "ಅಕ್ಕಾ, ಡೋರು ಏನ್ ಮಾಡ್ತು ಪಾಪ" ಎಂದ.

ಎರಡನೆಯ ಮನೆಯಲ್ಲೂ ಕಡ್ಡಿ. ಮೂರನೆಯ ಮನೆಯಲ್ಲಿ ಕಡ್ಡಿಯೂ ಅರ್ಧ, ಏಕೆಂದರೆ ಅಲ್ಲಿ ಚಟ್ನಿಪುಡಿ ಮಾಡಿದ್ದರು. ಬರ್ಕ್ಲಿಯಲ್ಲಿ ಗೌತಮ ಮಾತ್ರ ಒಂದು ಎಲೆಯನ್ನೂ ಮುಟ್ಟಿರಲಿಲ್ಲ. ಅವನ ರೂಮಿನಲ್ಲಿ ಅಡುಗೆ ಎಂದರೆ ನೂಡಲ್ಸು. ಆದರೆ ಚಳಿಯಾಗದಿರಲಿ ಎಂದು ಗಿಡವನ್ನು ತನ್ನ ಸ್ಲೀಪಿಂಗ್ ಬ್ಯಾಗಿನಲ್ಲಿ ಸುತ್ತಿ ಬಟ್ಟೆಯ ಕಪಾಟಿನೊಳಗೆ ಇಟ್ಟಿದ್ದ. ಕತ್ತಲಲ್ಲಿ ಅದರ ಎಲೆಗಳೆಲ್ಲ ಹಳದಿಯಾಗಿ ತಾವೇ ಉದುರಿದ್ದವು. ಉದುರಿದ್ದನ್ನು ಒಂದು ಕವರಿನಲ್ಲಿ ಜೋಪಾನವಾಗಿ ಎತ್ತಿಟ್ಟು ನನ್ನ ಕೈಗೆ ಕೊಟ್ಟ. ಆ ವಾರವೆಲ್ಲ ಸ್ಲೀಪಿಂಗ್ ಬ್ಯಾಗಿಲ್ಲದೆ ಅವನೇ ಕೆಮ್ಮು ತಂದುಕೊಂಡಿದ್ದ. ಅವನನ್ನು ಹೇಗೆ ಬೈಯಲಿ?

ಹೀಗೆ ಬೋಳು ಗಿಡಗಳನ್ನು ತುಂಬಿಕೊಂಡು ಕ್ಯಾಂಪ್‌ಬೆಲ್ ತಲುಪುವ ಹೊತ್ತಿಗೆ ನನ್ನ ಸಹನೆ ಮುಗಿದಿತ್ತು. ವೆಂಕಟಮ್ಮನವರ ಮನೆಯ ಬಾಗಿಲಲ್ಲೇ ಒಗ್ಗರಣೆಯ ಘಮ. ಅಡುಗೆಮನೆಯ ಕಿಟಕಿಯಲ್ಲಿ ನನ್ನ ಎರಡು ಪಾಟುಗಳು. ಅವರ ಮೊಮ್ಮಗಳು ಕಾವ್ಯಾ ಅವಕ್ಕೆ ಬಣ್ಣದ ಸ್ಟಿಕ್ಕರು ಅಂಟಿಸಿದ್ದಳು. ಪಾಟಿನಲ್ಲಿ ಸ್ಟಿಕ್ಕರಿತ್ತು, ಗಿಡದಲ್ಲಿ ಎಲೆ ಇರಲಿಲ್ಲ. ತುದಿಯ ಕುಡಿಯನ್ನೂ ಬಿಟ್ಟಿರಲಿಲ್ಲ.

"ಎಲೆ ಎಲ್ಲಮ್ಮಾ?" ಎಂದೆ.

"ತಿಂದ್ವಲ್ಲ," ಎಂದರು ವೆಂಕಟಮ್ಮ ಸಮಾಧಾನವಾಗಿ. "ಹೊಸ ವರ್ಸಕ್ಕೆ ಒಸಿ ಜನ ಬಂದಿದ್ರು. ಬಿಸಿಬೇಳೆ ಬಾತಿಗೆ ಹಾಕ್ದೆ. ಏನ್ ಗಮ ಅಂತೀಯ. ಕೂತ್ಕೊ, ಉಣ್ಣೋವಂತೆ."

"ನಾನು ನೋಡ್ಕೊಳ್ಳಿ ಅಂತ ಬಿಟ್ಟಿದ್ದು, ಬೋಳಿಸಿ ಅಂತಲ್ಲ."

ನನ್ನ ದನಿ ಏರಿತ್ತು. ಟೀವಿ ನೋಡುತ್ತಿದ್ದ ಕಾವ್ಯಾ ತಿರುಗಿ ನೋಡಿದಳು. ವೆಂಕಟಮ್ಮನವರಿಗೆ ಬೇಜಾರಾದಂತೆ ಕಾಣಲಿಲ್ಲ. ತಟ್ಟೆಗೆ ಮುದ್ದೆ ಹಾಕಿ, ಪಕ್ಕದಲ್ಲಿ ಸೊಪ್ಪಿನ ಸಾರು ಬಿಟ್ಟು ನನ್ನ ಮುಂದಿಟ್ಟರು.

"ಹಸ ನೋಡ್ಕಳಿ ಅಂತ ಪಕ್ಕದ ಮನೇಲಿ ಕಟ್ಬುಟ್ಟು ಊರಿಗೋದ್ರೆ ಹಾಲು ಯಾರ್ ಕುಡೀತಾರವ್ವ? ನೋಡ್ಕಂಡೋರೇ ತಾನೆ. ಅದು ಅವ್ರ ಪಾಲು. ಸಗಣಿ ಎತ್ತೋರು ಅವ್ರು, ಹಾಲು ಮಾತ್ರ ನಂಗೆ ಮಡಗಿರಿ ಅಂತ ಯಾರಾರ ಅಂದಾರ?"

ಹಾಸನದಲ್ಲಿ ನಮ್ಮಮ್ಮನೂ ಹೀಗೇ ಹಸು ಬಿಟ್ಟು ಹೋಗುತ್ತಿದ್ದಳು. ಹಾಲು ಕೇಳಿದ್ದನ್ನು ನಾನು ಕಂಡಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಎಲೆಯ ಘಮ ಮೂಗಿಗೆ ಏರಿತು. ನನ್ನ ಗಿಡದ ಕೊನೆಯ ಎಲೆಗಳು ಅವು, ಮತ್ತು ಸಾರು ಬಹಳ ಚೆನ್ನಾಗಿತ್ತು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು.

"ಅವು ಮಾರೋ ಗಿಡ ವೆಂಕಟಮ್ಮಾ," ಎಂದೆ. "ತಾಯಿಗಿಡ ಮೂರೂ ಚಳಿಗೆ ಸತ್ತೋದ್ವು. ಯುಗಾದಿಗೆ ಮಾರೋಕೆ ಗಿಡ ಇಲ್ಲ ಅಂದ್ರೆ ನರ್ಸರಿ ಮುಚ್ಚಬೇಕು. ನಮ್ಮನೆಯವರಿಗೆ ಮಾತು ಕೊಟ್ಟಿದೀನಿ."

ಅಷ್ಟು ದಿನ ಕಾಫಿಯ ಜೊತೆ ನುಂಗಿದ್ದ ಮಾತು ಮುದ್ದೆಯ ಮುಂದೆ ಹೊರಬಂತು. ವೆಂಕಟಮ್ಮ ಸೌಟು ಕೆಳಗಿಟ್ಟರು.

"ಇದ್ನ ಮೊದ್ಲೇ ಯೋಳಬಾರದಾಗಿತ್ತಾ?"

"ಹೆಂಗೆ ಹೇಳ್ಲಿ?"

"ಬಾಯಲ್ಲಿ. ಬಾಗಿಲಲ್ಲಿ ನಿಂತ್ಕಂಡು ನಿಮ್ಮ ಮನೇದೇ ಅಂದ್ಕಳಿ ಅಂದೆ. ನಾವೂ ಅಂದ್ಕಂಡೊ. ನಿಂಗೆ ಕಷ್ಟ ಅದೆ ಅಂತ ನಮಗೇನು ಕನಸು ಬೀಳ್ತದಾ?"

ನನಗೆ ನಾಚಿಕೆಯಾಯಿತು. ಎಲೆ ಕಿತ್ತವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಎದ್ದು ಕೈ ತೊಳೆದು ಕಿಟಕಿಯಿಂದ ಪಾಟುಗಳನ್ನು ಎತ್ತಿಕೊಂಡೆ. ವೆಂಕಟಮ್ಮ ಅಡ್ಡ ಬಂದು ಎರಡನ್ನೂ ನನ್ನ ಕೈಯಿಂದ ಇಸಿದುಕೊಂಡು ಮತ್ತೆ ಕಿಟಕಿಯಲ್ಲಿಟ್ಟರು.

"ಮಡಗಿಲ್ಲಿ. ಬೋಳುಗಿಡ ತಕ್ಕಂಡು ಆ ತಣ್ಣನೆ ಗಾಜಿನ ಮನೇಲಿ ಏನ್ ಮಾಡೀಯೆ? ಇಲ್ಲಿ ಬೆಚ್ಚಗದೆ, ಬಿಸ್ಲು ಬೀಳ್ತದೆ. ತಿಂದೋರು ನಾವು. ಎಲೆ ಬರೋಗಂಟ ಸಾಕೋರೂ ನಾವೇ. ವ್ಯಾನಲ್ಲಿರೋವೂ ಎಲ್ಲಿಂದ ತಂದ್ಯೋ ಅಲ್ಲಿಗೇ ವಾಪಸ್ ಮಡಗಿ ಬಾ. ನಾನ್ ಯೋಳ್ತೀನಿ."

"ಬೇಡಮ್ಮಾ, ಎಲ್ಲರಿಗೂ ಗೊತ್ತಾಗೋದು..."

"ಗೊತ್ತಾಗ್ಲಿ ಬುಡು."

ಅಷ್ಟು ಹೇಳಿ ಗೋಡೆಯ ಫೋನ್ ಎತ್ತಿದರು. ನಂಬರುಗಳನ್ನು ಕಾವ್ಯಾ ಒತ್ತಿಕೊಟ್ಟಳು. ಮಂಡ್ಯದ ಹೊಲದ ಆ ತುದಿಗೆ ಕೇಳಿಸುವಂಥ ದನಿಯಲ್ಲಿ ವೆಂಕಟಮ್ಮ ನನ್ನ ಗುಟ್ಟನ್ನು ಒಂದೊಂದೇ ಮನೆಗೆ ಹಂಚುತ್ತಿದ್ದರೆ ನಾನು ಸೋಫಾದ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಯಾರೂ ನಗಲಿಲ್ಲ. ನಾವು ಬಂದ ದಾರಿಯಲ್ಲೇ ವ್ಯಾನು ಹಿಂದೆ ಹೋಯಿತು. ದ್ವಾರಕಾನಾಥರ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ಪಾಟುಗಳನ್ನು ಎರಡು ಕೈಯಲ್ಲಿ ತೆಗೆದುಕೊಂಡು, "ಇನ್ಮೇಲೆ ನೀರು ಎಷ್ಟು ಹಾಕ್ಬೇಕು ಹೇಳು" ಎಂದಷ್ಟೇ ಕೇಳಿದರು.

ಜನವರಿ ಕಳೆಯಿತು. ಬೋಳು ಕಡ್ಡಿ ಚಿಗುರುವುದೋ ಒಣಗುವುದೋ ಆ ದಿನಗಳಲ್ಲಿ ಹೇಳುವಂತಿರಲಿಲ್ಲ. ಕರಿಬೇವಿನ ತುದಿ ಚಿವುಟಿದರೆ ಕವಲೊಡೆಯುತ್ತದೆ ಎನ್ನುವುದು ನಿಜ, ಆದರೆ ಅದು ಬಿಸಿಲುಗಾಲದ ಮಾತು, ನಡುಚಳಿಯಲ್ಲಿ ಮಾಡುವ ಕೆಲಸವಲ್ಲ. ಹಳೆಯ ಮ್ಯಾನೇಜರು ಫೋನ್ ಮಾಡಿದ. ಮಾರ್ಚ್ ಕೊನೆಗೆ ಹೇಳುತ್ತೇನೆ ಎಂದೆ. ತಿರುಮಲೇಶ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಹಾಳೆ ತಿರುಗಿಸಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಯೂನುಸ್ ಅಂಗಡಿಯಿಂದ ಫೋನ್ ಮಾಡಿದ.

"ಅಕ್ಕಾ, ಏನ್ ಮಾಡ್ಬಿಟ್ರಿ ನೀವು? ಮನೇಲಿ ಗಿಡ ಇಟ್ಕೊಂಡಿರೋರೆಲ್ಲ ಕರಿಬೇವು ಕೇಳ್ಕೊಂಡು ನನ್ನ ಹತ್ರ ಬರ್ತಾರೆ. ನಿಮ್ಮ ಸೊಪ್ಪೂ ಇಲ್ಲ, ಬೇರೆ ಕಡೆಯಿಂದ ತರಿಸಿದ್ದೂ ಬೆಳಿಗ್ಗೇನೇ ಖಾಲಿ. ಮನೇಲೇ ಇದೆಯಲ್ಲ ಅಂದ್ರೆ, ಅದನ್ನ ಮುಟ್ಟೋ ಹಾಗಿಲ್ಲ, ವೆಂಕಟಮ್ಮ ಬೈತಾರೆ ಅಂತಾರೆ."

"ಚಿಗುರಿದೆಯಂತಾ ಯೂನುಸ್?"

"ಅದು ಕೇಳ್ಲಿಲ್ಲ. ಆದ್ರೆ ಮುಟ್ಟೋ ಹಾಗಿಲ್ಲ ಅಂದ್ರೆ ಏನೋ ಇದೆ ಅಂತ ಅಲ್ವಾ ಅಕ್ಕಾ?"

ಹೋಗಿ ನೋಡಬಹುದಿತ್ತು. ಧೈರ್ಯವಾಗಲಿಲ್ಲ.

ಯುಗಾದಿ ಮುಗಿದ ಭಾನುವಾರ ಗಾಜಿನ ಮನೆಯಲ್ಲಿ ನಾನು ಖಾಲಿ ಹಲಗೆಗಳನ್ನು ಒರೆಸುತ್ತಿದ್ದೆ. ತಿರುಮಲೇಶ ಸತ್ತ ತಾಯಿಗಿಡಗಳನ್ನು ಬುಡಸಹಿತ ಕಿತ್ತು ಹೊರಗೆ ಹಾಕಿದ್ದ. ಮೊದಲು ಬಂದದ್ದು ದ್ವಾರಕಾನಾಥರ ಕಾರು. ಅದರ ಹಿಂದೆ ಇನ್ನೊಂದು. ಆಮೇಲೆ ಗೋದಾಮುಗಳ ಆ ಬರಿದಾದ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಕಾರಿಗೊಬ್ಬರಂತೆ ಪಾಟು ತಬ್ಬಿಕೊಂಡು ಇಳಿದರು. ಒಳಗೆ ಬಂದು ಹಲಗೆಗಳ ಮೇಲೆ ಸಾಲಾಗಿ ಇಟ್ಟರು.

ಚಿವುಟಿದ್ದ ಪ್ರತಿ ತುದಿಯಲ್ಲೂ ಎರಡು, ಮೂರು ಕವಲು. ಕವಲಿನ ತುಂಬ ಎಳೆ ಹಸಿರು ಎಲೆ. ಒಂದೇ ಕಡ್ಡಿಯಾಗಿ ನನ್ನ ಕೈಬಿಟ್ಟು ಹೋಗಿದ್ದ ಗಿಡಗಳು ಪೊದೆಯಾಗಿ ಬಂದಿದ್ದವು. ಕೆಲವು ಉಳಿದಿರಲಿಲ್ಲ. ಗೌತಮನದು ಸತ್ತಿತ್ತು. ಅವನು ಖಾಲಿ ಪಾಟನ್ನೇ ತೊಳೆದು ತಂದಿದ್ದ. ನಾನು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಮತ್ತೆ ಈ ತುದಿಗೆ ಬಂದೆ. ಏನಾದರೂ ಹೇಳಬೇಕಿತ್ತು. ಎಲ್ಲರಿಗೂ ಕಾಫಿ ಮಾಡುತ್ತೇನೆ ಎಂದೆ.

ಕೊನೆಯಲ್ಲಿ ಬಂದವರು ವೆಂಕಟಮ್ಮ. ಅವರ ಎರಡು ಪಾಟುಗಳು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದವು. ಒಂದನ್ನು ಕಾವ್ಯಾ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಸ್ಟಿಕ್ಕರು ಇನ್ನೂ ಹಾಗೇ ಇತ್ತು.

"ಪ್ಲೀಸ್ ಡೋಂಟ್ ಸೆಲ್ ದಿಸ್ ಒನ್, ಆಂಟಿ," ಎಂದಳು.

"ಮಾರಲ್ಲ," ಎಂದೆ. ಅವಳ ಕೈಯಿಂದ ತೆಗೆದುಕೊಂಡು ನಡುವಿನ ಖಾಲಿ ಪೀಪಾಯಿಯಲ್ಲಿ ನೆಟ್ಟೆ. ಮಣ್ಣನ್ನು ಕಾವ್ಯಾಳೇ ಒತ್ತಿದಳು. "ಇನ್ಮೇಲೆ ಇದೇ ತಾಯಿಗಿಡ. ನಿಮ್ಮ ಮನೇದೇ ಅಂದ್ಕೊಳ್ಳಿ," ಎಂದೆ ವೆಂಕಟಮ್ಮನವರಿಗೆ.

ತಿರುಮಲೇಶ ಆ ಹೊತ್ತಿಗೆ ಏಣಿಯ ಮೇಲಿದ್ದ. ಸೂರಿನ ಒಡೆದ ಗಾಜಿಗೆ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದ. ಮುಂದಿನ ಚಳಿಗಾಲಕ್ಕೆ ಎರಡು ಪದರದ ಗಾಜು ಹಾಕಿಸಬೇಕು ಎಂದು ಯೂನುಸನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಮತ್ತೆ ಅಳುತ್ತಿದ್ದೆ.

ಹೊರಡುವಾಗ ವೆಂಕಟಮ್ಮ ಪೀಪಾಯಿಯ ಹತ್ತಿರ ಒಂದು ಕ್ಷಣ ನಿಂತರು. ಅತ್ತಿತ್ತ ನೋಡಿ, ಒಂದು ಎಸಳು ಕರಿಬೇವು ಮುರಿದು, ಸ್ವೆಟರಿನ ಜೇಬಿಗೆ ಹಾಕಿಕೊಂಡು ಕಾರಿನ ಕಡೆ ನಡೆದರು.

ನಾನು ನೋಡಿದೆ. ಅದು ಅವರ ಪಾಲು.